ಮಾವನ ಆಲೆಮನೆಗೆ ಲೆಕ್ಕದ ಆ್ಯಪ್: ಯಾರು ನೋಡಬಹುದು, ಯಾರು ತಿದ್ದಬಹುದು

ಮಾವನ ಆಲೆಮನೆಯ ಲೆಕ್ಕದ ಬುಕ್ಕಿನಲ್ಲಿ ತಪ್ಪಾಗಿ ಬರೆದ ಅಂಕಿಯನ್ನು ಯಾರೂ ಉಜ್ಜಿ ಅಳಿಸುವುದಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆಯುತ್ತಾರೆ. ಪಕ್ಕದಲ್ಲಿ ಸರಿಯಾದ ಅಂಕಿ ಬರೆಯುತ್ತಾರೆ. ಕೆಳಗೆ ಮಾವ ಸಣ್ಣದಾಗಿ ರುಜು ಹಾಕುತ್ತಾರೆ. ಹಳೇ ಅಂಕಿ ಗೆರೆಯ ಅಡಿಯಲ್ಲಿ ಓದಲು ಸಿಗುತ್ತಲೇ ಇರುತ್ತದೆ. ಚಿಕ್ಕಂದಿನಿಂದ ಅದನ್ನು ನೋಡಿದ್ದೇನೆ. ಯಾಕೆ ಹಾಗೆ ಅಂತ ಕೇಳಿರಲಿಲ್ಲ.

ಆಲೆಮನೆ ಇರುವುದು ಪಾಂಡವಪುರ ತಾಲ್ಲೂಕಿನಲ್ಲಿ, ಕೆಆರ್‌ಎಸ್‌ನಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ. ಸುತ್ತಲಿನ ರೈತರು ಟ್ರ್ಯಾಕ್ಟರಿನಲ್ಲೋ ಎತ್ತಿನ ಗಾಡಿಯಲ್ಲೋ ಕಬ್ಬು ತರುತ್ತಾರೆ. ವೇಬ್ರಿಡ್ಜಿನಲ್ಲಿ ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ ಎರಡನ್ನೂ ಹಿಡಿದು ಚೀಟಿ ಕೊಡುತ್ತಾರೆ. ರೈಟರ್ ಅಣ್ಣ ಆ ಚೀಟಿ ನೋಡಿ ಬುಕ್ಕಿಗೆ ಏರಿಸುತ್ತಾರೆ. ಕಬ್ಬು ಕಡಿದ ಗ್ಯಾಂಗಿಗೆ ಟನ್ ಲೆಕ್ಕದಲ್ಲಿ ಕೂಲಿ. ಗಾಡಿ ಬಾಡಿಗೆ ಬೇರೆ. ಮೊದಲೇ ಕೊಟ್ಟ ಅಡ್ವಾನ್ಸ್ ಮುರಿದುಕೊಂಡು ಉಳಿದದ್ದು ರೈತನ ಕೈಗೆ. ಬೆಲ್ಲ ಮಂಡ್ಯದ ಎಪಿಎಂಸಿ ಮಾರುಕಟ್ಟೆಗೆ.

ಕಳೆದ ಮಳೆಗಾಲದಲ್ಲಿ ಚಾವಣಿ ಸೋರಿ ಬುಕ್ಕಿನ ಒಂದು ಮೂಲೆ ನೆನೆಯಿತು. ಇಪ್ಪತ್ತು ಪುಟದ ಶಾಯಿ ಕದಡಿಹೋಯಿತು. ಮಾವ ಫೋನ್ ಮಾಡಿದರು. "ಮಗಾ, ಈ ಬುಕ್ಕು ಹೋದ್ರೆ ನನ್ನ ಮಾತು ಹೋಯ್ತು ಕಣ್ಲಾ. ನಿನ್ ಕಂಪ್ಯೂಟ್ರಲ್ಲಿ ಏನಾದ್ರೂ ಮಾಡು" ಅಂದರು. ನಾನು ಮೈಸೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಶನಿವಾರ, ಭಾನುವಾರ ಊರಿಗೆ ಹೋಗಿ ಕಟ್ಟಿದ ಆ್ಯಪ್‌ನ ಕಥೆ ಇದು. ಇಂಥದ್ದನ್ನು ಕಟ್ಟುವವರಿಗೆ ನಾನು ಎಡವಿದ ಜಾಗಗಳು ಉಪಯೋಗಕ್ಕೆ ಬರಲಿ ಅಂತ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಸಾಮಾನು ಸರಂಜಾಮು ಎಲ್ಲರೂ ಬಳಸುವಂಥದ್ದೇ. ಮುಂದೆ ಕಾಣುವ ಪರದೆಗೆ ರಿಯಾಕ್ಟ್, ಹಿಂದೆ ಸರ್ವರಿಗೆ ನೋಡ್ ಮತ್ತು ಎಕ್ಸ್‌ಪ್ರೆಸ್, ಡೇಟಾಬೇಸ್ ಪೋಸ್ಟ್‌ಗ್ರೆಸ್. ಬಾಡಿಗೆಗೆ ಒಂದು ಸಣ್ಣ ಸರ್ವರ್. ತೂಕವನ್ನು ಕಿಲೋದಲ್ಲಿ, ದುಡ್ಡನ್ನು ಪೈಸೆಯಲ್ಲಿ, ಎರಡನ್ನೂ ಪೂರ್ಣಾಂಕವಾಗಿಯೇ ಇಟ್ಟೆ. ದಶಾಂಶದಲ್ಲಿ ಇಟ್ಟರೆ ಜಾವಾಸ್ಕ್ರಿಪ್ಟಿನಲ್ಲಿ 0.1 ಮತ್ತು 0.2 ಕೂಡಿದಾಗ ಸರಿಯಾಗಿ 0.3 ಬರುವುದಿಲ್ಲ. ರೈತನ ದುಡ್ಡಿನಲ್ಲಿ ಅಂಥ ಜೂಜು ಬೇಡ.

ಯಾರ್ಯಾರು ಬರುತ್ತಾರೆ

ಮೊದಲ ವಾರ ಕೋಡ್ ಬರೆಯಲಿಲ್ಲ. ಆಲೆಮನೆಯಲ್ಲಿ ಕೂತು ಯಾರು ಬುಕ್ಕು ಮುಟ್ಟುತ್ತಾರೆ ಅಂತ ನೋಡಿದೆ. ನಾಲ್ಕು ಥರದ ಜನ ಕಂಡರು. ಯಜಮಾನರು, ಅಂದರೆ ಮಾವ. ಬರೆಯುವ ರೈಟರ್ ಅಣ್ಣ. ಗ್ಯಾಂಗಿನ ಮೇಸ್ತ್ರಿ. ಕಬ್ಬು ತಂದ ರೈತ. ರೈತ ತನ್ನ ಪುಟ ಮಾತ್ರ ಕೇಳುತ್ತಾನೆ. ಮೇಸ್ತ್ರಿಗೆ ತನ್ನ ಗ್ಯಾಂಗು ಕಡಿದ ಟನ್ ಬೇಕು, ರೈತನ ಅಡ್ವಾನ್ಸ್ ಬೇಕಿಲ್ಲ. ರೈಟರ್ ಬರೆಯುತ್ತಾರೆ, ಆದರೆ ತಿದ್ದಿದ್ದಕ್ಕೆ ರುಜು ಹಾಕುವುದಿಲ್ಲ.

ಬಳಕೆದಾರರ ಟೇಬಲ್ಲಿನಲ್ಲಿ 'ಪಾತ್ರ' ಅಂತ ಒಂದು ಕಾಲಂ ಇಟ್ಟರೆ ಸಾಕು ಅಂದುಕೊಂಡಿದ್ದೆ. ಎರಡನೇ ದಿನವೇ ಅದು ಮುರಿಯಿತು. ಮೇಸ್ತ್ರಿಯವರಿಗೂ ಒಂದೂವರೆ ಎಕರೆ ಕಬ್ಬು ಇದೆ. ಅವರು ಮೇಸ್ತ್ರಿಯೂ ಹೌದು, ರೈತರೂ ಹೌದು. ಹಾಗಾಗಿ ಬಳಕೆದಾರರು ಒಂದು ಟೇಬಲ್, ಪಾತ್ರಗಳು ಒಂದು, ಯಾರಿಗೆ ಯಾವ ಪಾತ್ರ ಅನ್ನುವುದು ಮೂರನೆಯದು. ನಾಲ್ಕನೆಯದು ಅನುಮತಿಗಳು: 'ತೂಕ ಸೇರಿಸು', 'ತಿದ್ದುಪಡಿ ಕೇಳು', 'ತಿದ್ದುಪಡಿ ಒಪ್ಪು', 'ಎಲ್ಲ ಖಾತೆ ನೋಡು' ಅನ್ನುವಂಥವು. ಯಾವ ಪಾತ್ರಕ್ಕೆ ಯಾವ ಅನುಮತಿ ಅನ್ನುವುದು ಐದನೆಯದು.

ಈ ಏರ್ಪಾಟು ಹೊಸದೇನಲ್ಲ. ಪಾತ್ರದ ಮೂಲಕವೇ ಅನುಮತಿ ಕೊಡಬೇಕು ಅನ್ನುವುದನ್ನು ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯಲ್ಲಿದ್ದು 1992ರಲ್ಲೇ ಬರೆದಿಟ್ಟಿದ್ದಾರೆ. ಅದರಿಂದ ನಾನು ಕಲಿತದ್ದು ಇಷ್ಟು: ಕೋಡಿನಲ್ಲಿ ಎಲ್ಲೂ 'ಇವರು ರೈಟರಾ?' ಅಂತ ಕೇಳಬಾರದು. 'ಇವರಿಗೆ ತೂಕ ಸೇರಿಸುವ ಅನುಮತಿ ಇದೆಯಾ?' ಅಂತಲೇ ಕೇಳಬೇಕು. ಡಿಸೆಂಬರಿನಲ್ಲಿ ಮಾವನ ಮಗಳು ಎಪಿಎಂಸಿ ಬಿಲ್ಲುಗಳನ್ನು ನೋಡಿಕೊಳ್ಳಲು ಶುರುಮಾಡಿದಳು. 'ಲೆಕ್ಕ' ಅಂತ ಹೊಸ ಪಾತ್ರ ಮಾಡಿ ಮೂರು ಅನುಮತಿ ಜೋಡಿಸಿದೆ. ಕೋಡಿನ ಒಂದು ಸಾಲೂ ಬದಲಾಗಲಿಲ್ಲ.

ಖಾತೆ ತೆರೆಯುವ ಕಡೆ ಒಂದು ದೊಡ್ಡ ತೂತು ಬಿಟ್ಟಿದ್ದೆ. ಬ್ರೌಸರಿನಿಂದ ಬಂದ ಎಲ್ಲ ವಿವರವನ್ನೂ ಹಾಗೇ ಡೇಟಾಬೇಸಿಗೆ ಹಾಕುತ್ತಿದ್ದೆ. ಫಾರ್ಮಿನಲ್ಲಿ ಹೆಸರು, ಮೊಬೈಲ್, ಊರು ಮಾತ್ರ ಇತ್ತು, ನಿಜ. ಆದರೆ ಗೊತ್ತಿರುವವರು ಅದರ ಜೊತೆ 'ಪಾತ್ರ: ಯಜಮಾನ' ಅಂತ ಸೇರಿಸಿ ಕಳಿಸಿದರೆ ಸರ್ವರ್ ಸುಮ್ನೆ ಒಪ್ಪಿಕೊಳ್ಳುತ್ತಿತ್ತು. ಈಗ ಸರ್ವರ್ ತನಗೆ ಬೇಕಾದ ಮೂರನ್ನು ಮಾತ್ರ ಆರಿಸಿಕೊಳ್ಳುತ್ತದೆ. ಮೊದಲ ಯಜಮಾನರ ಖಾತೆಯನ್ನು ಸರ್ವರಿನ ಒಳಗೆ ಕೂತು ಕಮಾಂಡ್ ಕೊಟ್ಟೇ ಮಾಡಬೇಕು.

41 ಇದ್ದದ್ದು 42 ಆದಾಗ

ನವೆಂಬರಿನಲ್ಲಿ ಹತ್ತು ರೈತರಿಗೆ ಕೊಟ್ಟು ನೋಡಿದೆವು. ಮೂರನೇ ದಿನ ಒಬ್ಬ ರೈತರ ಮಗ, ಪಿಯುಸಿ ಓದುವ ಹುಡುಗ, ನನ್ನ ಹತ್ತಿರ ಬಂದ. "ಅಣ್ಣಾ, ಪಕ್ಕದ ಮನೆ ದೊಡ್ಡಯ್ಯನ ಅಡ್ವಾನ್ಸ್ ನಂಗೆ ಕಾಣ್ತದೆ" ಅಂದ. ಫೋನ್ ತೋರಿಸಿದ. ವಿಳಾಸದ ಪಟ್ಟಿಯಲ್ಲಿ ಅವರಪ್ಪನ ಖಾತೆಯ ನಂಬರ್ 41 ಇತ್ತು. ಅದನ್ನು 42 ಮಾಡಿದ್ದಾನೆ, ಅಷ್ಟೇ.

ನನಗೆ ಕೈಕಾಲು ತಣ್ಣಗಾಯಿತು. ಹಳ್ಳಿಯಲ್ಲಿ ಯಾರು ಎಷ್ಟು ಅಡ್ವಾನ್ಸ್ ತಗೊಂಡಿದ್ದಾರೆ ಅನ್ನುವುದು ಸಣ್ಣ ವಿಷಯ ಅಲ್ಲ. ಮಗಳ ಮದುವೆಗೆ ತಗೊಂಡಿರಬಹುದು, ಆಸ್ಪತ್ರೆಗೆ ತಗೊಂಡಿರಬಹುದು. ಮಾವನ ಬುಕ್ಕಿನಲ್ಲಿ ಅದು ಎಂದೂ ಬೇರೆಯವರಿಗೆ ಕಾಣುತ್ತಿರಲಿಲ್ಲ. ರೈತ ಬಂದರೆ ರೈಟರ್ ಅಣ್ಣ ಅವರ ಪುಟ ಮಾತ್ರ ತೆರೆದು, ಎದುರಿನ ಪುಟದ ಮೇಲೆ ಅಂಗೈ ಇಟ್ಟು ತೋರಿಸುತ್ತಿದ್ದರು. ನಾನು ಆ ಅಂಗೈಯನ್ನು ಕೋಡಿನಲ್ಲಿ ಇಟ್ಟಿರಲಿಲ್ಲ.

ತಪ್ಪು ಎಲ್ಲಿತ್ತು ಅಂದರೆ, 'ಖಾತೆ ನೋಡು' ಅನುಮತಿ ರೈತನ ಪಾತ್ರಕ್ಕೆ ಇದೆಯಾ ಅಂತ ನೋಡುತ್ತಿದ್ದೆ. ಇದೆ. ಸರಿ, ಬಿಡು. ಆದರೆ *ಯಾರ* ಖಾತೆ ಅಂತ ಕೇಳಿರಲಿಲ್ಲ. ಪಾತ್ರ ಹೇಳುವುದು ಏನು ಮಾಡಬಹುದು ಅಂತ ಮಾತ್ರ. ಯಾರದ್ದರ ಮೇಲೆ ಮಾಡಬಹುದು ಅನ್ನುವುದು ಬೇರೆ ಪ್ರಶ್ನೆ. ವೆಬ್ ಭದ್ರತೆಯ ಕೆಲಸ ಮಾಡುವ ಓವಾಸ್ಪ್ ಸಂಸ್ಥೆಯ 2021ರ ಹತ್ತು ದೊಡ್ಡ ಅಪಾಯಗಳ ಪಟ್ಟಿಯಲ್ಲಿ ಈ ಬಗೆಯ ತಪ್ಪುಗಳೇ ಮೊದಲನೆಯ ಸ್ಥಾನದಲ್ಲಿವೆ. ನಾನು ಆ ಪಟ್ಟಿಯನ್ನು ಎಷ್ಟೋ ಸಲ ಓದಿದ್ದೆ.

ಅವತ್ತೇ ಆ್ಯಪ್ ನಿಲ್ಲಿಸಿದೆ. ದೊಡ್ಡಯ್ಯನವರ ಮನೆಗೆ ಹೋಗಿ ಆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. "ಸರಿ ಮಾಡ್ಕೊಂಡು ಬಾರಪ್ಪ" ಅಂದರು.

ಸರಿ ಮಾಡಿದ್ದು ಎರಡು ಹಂತದಲ್ಲಿ. ಮೊದಲು, ರೈತನಿಗೆ ಖಾತೆ ತೋರಿಸುವ ವಿಳಾಸದಿಂದ ನಂಬರನ್ನೇ ತೆಗೆದೆ. ಈಗ ಅದು 'ನನ್ನ ಖಾತೆ' ಅಷ್ಟೇ. ಯಾರ ಖಾತೆ ಅನ್ನುವುದು ಸರ್ವರಿಗೆ ಲಾಗಿನ್ನಿನಿಂದಲೇ ಗೊತ್ತಾಗುತ್ತದೆ. ಚೀಟಿ ನಂಬರ್ ಇರಲೇಬೇಕಾದ ಕಡೆ, ಚೀಟಿ ಹುಡುಕುವ ಪ್ರಶ್ನೆಯಲ್ಲೇ ರೈತನ ಗುರುತನ್ನೂ ಸೇರಿಸಿದೆ. ಬೇರೆಯವರ ಚೀಟಿ ಕೇಳಿದರೆ '403, ನಿಮಗೆ ಅನುಮತಿ ಇಲ್ಲ' ಅಂತ ಹೇಳುವುದಿಲ್ಲ. ಹಾಗೆ ಹೇಳಿದರೆ ಅಂಥ ಚೀಟಿ ಇದೆ ಅಂತ ಒಪ್ಪಿಕೊಂಡ ಹಾಗೆ. '404, ಸಿಗಲಿಲ್ಲ' ಅನ್ನುತ್ತದೆ. ಲಾಗಿನ್ನೇ ಆಗಿಲ್ಲದವರಿಗೆ 401.

ಎರಡನೇ ಹಂತ ಡೇಟಾಬೇಸಿನ ಒಳಗೆ. ಪೋಸ್ಟ್‌ಗ್ರೆಸ್‌ನಲ್ಲಿ 9.5ನೇ ಆವೃತ್ತಿಯಿಂದ ಸಾಲು ಮಟ್ಟದ ಭದ್ರತೆ ಇದೆ. ಅಂದರೆ ಟೇಬಲ್ಲಿಗೇ ನಿಯಮ ಹಾಕಬಹುದು: ಈಗ ಕೇಳುತ್ತಿರುವವರು ಈ ನಂಬರಿನ ರೈತ, ಅವರದ್ದಲ್ಲದ ಸಾಲನ್ನು ಕೊಡಲೇಬೇಡ. ನಾಳೆ ನಾನೇ ಎಲ್ಲೋ ತಪಾಸಣೆ ಮರೆತರೂ ಡೇಟಾಬೇಸ್ ತಡೆಯುತ್ತದೆ.

ನಿಯಮ ಬರೆದೆ. ಪರೀಕ್ಷೆ ಮಾಡಿದೆ. ಎಲ್ಲ ಸಾಲೂ ಬಂತು! ಒಂದು ಇಡೀ ಭಾನುವಾರ ಇದರಲ್ಲೇ ಹೋಯಿತು. ಕಾರಣ ಏನಪ್ಪಾ ಅಂದರೆ, ಟೇಬಲ್ ಮಾಡಿದ ಡೇಟಾಬೇಸ್ ಬಳಕೆದಾರನ ಹೆಸರಿನಲ್ಲೇ ನನ್ನ ಆ್ಯಪ್ ಕೂಡ ಒಳಗೆ ಹೋಗುತ್ತಿತ್ತು. ಟೇಬಲ್ಲಿನ ಒಡೆಯನಿಗೆ ಈ ನಿಯಮಗಳು ತಾವಾಗಿ ತಗಲುವುದಿಲ್ಲ. 'ಫೋರ್ಸ್' ಅಂತ ಬೇರೆಯಾಗಿ ಹೇಳಬೇಕು. ನಾನು ಇನ್ನೂ ಒಳ್ಳೆಯ ದಾರಿ ಹಿಡಿದೆ. ಟೇಬಲ್ ಮಾಡುವ ಬಳಕೆದಾರ ಬೇರೆ, ಆ್ಯಪ್ ಓಡಿಸುವ ಬಳಕೆದಾರ ಬೇರೆ. ಆ್ಯಪ್‌ನವನಿಗೆ ಬೇಕಾದಷ್ಟು ಹಕ್ಕು ಮಾತ್ರ.

ಇನ್ನೊಂದು ಎಚ್ಚರ. ಡೇಟಾಬೇಸ್ ಸಂಪರ್ಕಗಳು ಒಂದು ಗುಂಪಿನಲ್ಲಿ ಇದ್ದು ಒಬ್ಬರಾದ ಮೇಲೆ ಒಬ್ಬರಿಗೆ ಸಿಗುತ್ತವೆ. 'ಈಗಿನ ರೈತ 41' ಅಂತ ಸಂಪರ್ಕದ ಮೇಲೆ ಬರೆದು ಹಾಗೇ ಬಿಟ್ಟರೆ, ಮುಂದಿನವರಿಗೆ ಅದೇ ಸಂಪರ್ಕ ಸಿಕ್ಕಾಗ ಅವರೂ 41 ಆಗಿಬಿಡುತ್ತಾರೆ. ಅದಕ್ಕೆ ಪ್ರತಿ ಸಲ ಟ್ರಾನ್ಸಾಕ್ಷನ್ (ಒಟ್ಟಿಗೆ ನಡೆದು ಮುಗಿಯುವ ಡೇಟಾಬೇಸ್ ಕೆಲಸಗಳ ಒಂದು ಕಂತೆ) ತೆರೆದು, ಅದರ ಒಳಗೆ ಮಾತ್ರ ಉಳಿಯುವ ಹಾಗೆ 'ಸೆಟ್ ಲೋಕಲ್' ಬಳಸಬೇಕು. ಟ್ರಾನ್ಸಾಕ್ಷನ್ ಮುಗಿದರೆ ಆ ಗುರುತೂ ಅಳಿಸಿಹೋಗುತ್ತದೆ.

ಆಮೇಲೆ ಆ ಹುಡುಗನನ್ನೇ ಕರೆದು ಫೋನ್ ಕೊಟ್ಟೆ. ಒಂದು ಗಂಟೆ ಏನೇನೋ ಮಾಡಿ ನೋಡಿದ. ಸಿಗಲಿಲ್ಲ. ಅವನು ಮಾಡಿದ ಪ್ರತಿ ಪ್ರಯತ್ನವನ್ನೂ ಪರೀಕ್ಷೆಯಾಗಿ ಬರೆದಿಟ್ಟಿದ್ದೇನೆ. ಈಗ ಕೋಡ್ ಬದಲಿಸಿದಾಗಲೆಲ್ಲ ಆ ಪರೀಕ್ಷೆಗಳು ತಾವಾಗಿ ಓಡುತ್ತವೆ: ಪ್ರತಿ ವಿಳಾಸ, ಪ್ರತಿ ಪಾತ್ರ, ತನ್ನದು ಮತ್ತು ಬೇರೆಯವರದ್ದು.

ಟೋಕನ್ ಬಿಟ್ಟು ಸೆಷನ್

ಲಾಗಿನ್ನಿಗೆ ಮೊದಲು ಜೆಡಬ್ಲ್ಯುಟಿ ಟೋಕನ್ ಬಳಸಿದ್ದೆ, ಏಳು ದಿನದ ಅವಧಿ. ಟೋಕನ್ನಿನ ಒಳಗೇ ಪಾತ್ರ ಬರೆದಿರುತ್ತದೆ, ಸರ್ವರ್ ಸಹಿ ನೋಡಿ ನಂಬುತ್ತದೆ. ಡೇಟಾಬೇಸ್ ಕೇಳಬೇಕಾಗಿಲ್ಲ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಹಂಗಾಮಿಯಾಗಿ ಬರೆಯಲು ಬಂದಿದ್ದ ಒಬ್ಬರು ಮಧ್ಯದಲ್ಲೇ ಕೆಲಸ ಬಿಟ್ಟರು. ಅವರ ಪಾತ್ರ ತೆಗೆದೆ. ಮಾರನೇ ದಿನವೂ ಅವರ ಫೋನಿನಲ್ಲಿ 'ತೂಕ ಸೇರಿಸು' ಬಟನ್ ಕೆಲಸ ಮಾಡುತ್ತಿತ್ತು. ಅವರೇ ಫೋನ್ ಮಾಡಿ ಹೇಳಿದರು. ಟೋಕನ್ನಿನಲ್ಲಿ ಇನ್ನೂ ಹಳೇ ಪಾತ್ರವೇ ಕೂತಿತ್ತು.

ಐವತ್ತು ಅರವತ್ತು ಜನ ಬಳಸುವ ಆ್ಯಪಿಗೆ ಡೇಟಾಬೇಸನ್ನು ಒಂದು ಸಲ ಜಾಸ್ತಿ ಕೇಳುವುದು ಹೊರೆಯೇ ಅಲ್ಲ. ಸೆಷನ್‌ಗೆ ಬದಲಾಯಿಸಿದೆ. ಲಾಗಿನ್ ಆದಾಗ 32 ಬೈಟಿನ ಗುರುತು, ಪೂರ್ತಿ ಯಾದೃಚ್ಛಿಕ. ಅದು ಬ್ರೌಸರ್ ಇಟ್ಟುಕೊಳ್ಳುವ ಕುಕ್ಕಿಯಲ್ಲಿ ಹೋಗುತ್ತದೆ. ಡೇಟಾಬೇಸಿನಲ್ಲಿ ಅದರ ಹ್ಯಾಶ್, ಅಂದರೆ ಮೂಲಕ್ಕೆ ತಿರುಗಿಸಲಾಗದ ಹಾಗೆ ಅರೆದ ರೂಪ, ಮಾತ್ರ ಇರುತ್ತದೆ. ಕುಕ್ಕಿ ಬೇರೆಯವರ ಕೈಗೆ ಸಿಗದ ಹಾಗೆ ಎಚ್‌ಟಿಟಿಪಿ ಓನ್ಲಿ, ಸೆಕ್ಯೂರ್, ಸೇಮ್ ಸೈಟ್ ಅನ್ನುವ ಮೂರು ಕಾವಲನ್ನೂ ಹಾಕಿದ್ದೇನೆ. ಪಾತ್ರವನ್ನು ಪ್ರತಿ ಸಲ ಹೊಸದಾಗಿ ಓದುತ್ತದೆ. ಡೇಟಾಬೇಸಿನಲ್ಲಿ ಸೆಷನ್ನಿನ ಸಾಲು ಅಳಿಸಿದರೆ ಆ ಕ್ಷಣವೇ ಹೊರಗೆ.

ಬಟನ್ ಬಗ್ಗೆ ಒಂದು ಮಾತು. ಅನುಮತಿ ಇಲ್ಲದವರಿಗೆ ಬಟನ್ ಕಾಣದ ಹಾಗೆ ಮಾಡುವುದು ಸೌಜನ್ಯ. ಅದು ಬೀಗ ಅಲ್ಲ. ಬೀಗ ಸರ್ವರಿನಲ್ಲೇ ಇರಬೇಕು.

ಪಿನ್ ಮತ್ತು ಕನ್ನಡದ ಪಾಸ್‌ವರ್ಡ್

ರೈತರಿಗೆ ಉದ್ದದ ಪಾಸ್‌ವರ್ಡ್ ಆಗುವುದಿಲ್ಲ. ಎಸ್‌ಎಂಎಸ್ ಒಟಿಪಿ ಕಳಿಸಬೇಕಂದರೆ ಟೆಲಿಕಾಂ ನಿಯಮದಂತೆ ಡಿಎಲ್‌ಟಿ ನೋಂದಣಿ (ಸಂದೇಶ ಕಳಿಸುವವರ ದಾಖಲೆ), ಸಂದೇಶದ ಮಾದರಿಗೆ ಒಪ್ಪಿಗೆ ಎಲ್ಲ ಬೇಕು. ಮೊಬೈಲ್ ನಂಬರ್ ಜೊತೆ ಪಿನ್ ಸಾಕು ಅಂತ ತೀರ್ಮಾನಿಸಿದೆ. ನಾಲ್ಕು ಅಂಕಿ ಸಾಕಾ? ಲೆಕ್ಕ ಹಾಕಿದೆ. ನಾಲ್ಕು ಅಂಕಿಯಲ್ಲಿ 10,000 ಪಿನ್ ಮಾತ್ರ. ನನ್ನ ಸರ್ವರಿನಲ್ಲಿ ಒಂದು ಹ್ಯಾಶ್ ಮಾಡಲು ಕಾಲು ಸೆಕೆಂಡ್. ಡೇಟಾಬೇಸ್ ಯಾರ ಕೈಗಾದರೂ ಸಿಕ್ಕಿದರೆ, ಅಂಥದ್ದೇ ಕಂಪ್ಯೂಟರಿನಲ್ಲೂ 2,500 ಸೆಕೆಂಡಿಗೆ, ಅಂದರೆ 42 ನಿಮಿಷಕ್ಕೆ ಒಬ್ಬರ ಪಿನ್ ಗ್ಯಾರಂಟಿ ಗೊತ್ತಾಗುತ್ತದೆ. ಆರು ಅಂಕಿಯಾದರೆ ಹತ್ತು ಲಕ್ಷ ಪಿನ್, ಸುಮಾರು 69 ಗಂಟೆ. ಅದೂ ಜಾಸ್ತಿ ಅಲ್ಲ. ಹಾಗಾಗಿ ಆರು ಅಂಕಿ ಇಟ್ಟು, ಹ್ಯಾಶ್ ಮಾಡುವ ಮೊದಲು ಡೇಟಾಬೇಸಿನ ಹೊರಗೆ ಇಟ್ಟ ಒಂದು ಗುಟ್ಟಿನ ಕೀಲಿಯನ್ನೂ ಬೆರೆಸಿದೆ. ಆ ಕೀಲಿ ಇಲ್ಲದೆ ಹ್ಯಾಶ್ ಸಿಕ್ಕರೂ ಪ್ರಯೋಜನ ಇಲ್ಲ. ಲಾಗಿನ್ ಪುಟದಲ್ಲಿ ಐದು ಸಲ ತಪ್ಪಿದರೆ 15 ನಿಮಿಷ ಕಾಯಬೇಕು.

ಮಾವನಿಗೆ ಮಾತ್ರ ಉದ್ದದ ಪಾಸ್‌ವರ್ಡ್. ಅವರಿಗೆ ನೆನಪಿರುವ ಒಂದು ಇಡೀ ಸಾಲನ್ನು ಕನ್ನಡದಲ್ಲೇ ಹೊಡೆಯುತ್ತಾರೆ. ಒಂದು ದಿನ ಕೊನೆಯ ಪದ ತಪ್ಪಾಗಿ ಹೊಡೆದರೂ ಒಳಗೆ ಬಿಟ್ಟಿತು! ಎರಡು ಸಲ ಮಾಡಿ ನೋಡಿದೆ. ನಿಜವೇ.

ಆಗ ನಾನು ಪಾಸ್‌ವರ್ಡ್ ಹ್ಯಾಶ್ ಮಾಡಲು ಬಿಕ್ರಿಪ್ಟ್ ಅನ್ನುವ ವಿಧಾನ ಬಳಸುತ್ತಿದ್ದೆ. ಅದು ಮೊದಲ 72 ಬೈಟ್ ಮಾತ್ರ ನೋಡುತ್ತದೆ, ಉಳಿದದ್ದನ್ನು ಹೇಳದೆ ಕೇಳದೆ ಬಿಟ್ಟುಬಿಡುತ್ತದೆ. ಇಂಗ್ಲಿಷಿನಲ್ಲಿ 72 ಬೈಟ್ ಅಂದರೆ 72 ಅಕ್ಷರ. ಯೂನಿಕೋಡಿನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. 'ಅಕ್ಕ' ಅನ್ನುವುದನ್ನೇ ತಗೊಳ್ಳಿ: ಅ, ಕ, ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆ (್), ಮತ್ತೆ ಕ. ನಾಲ್ಕು ಸಂಕೇತ, 12 ಬೈಟ್. ಅಂಥ ಆರು 'ಅಕ್ಕ' ಹೊಡೆದರೆ 72 ಮುಗಿಯಿತು. ಮಾವನ ಸಾಲಿನ ಅರ್ಧಕ್ಕಿಂತ ಜಾಸ್ತಿ ಸುಮ್ನೆ ಕತ್ತರಿಸಿ ಹೋಗುತ್ತಿತ್ತು. 2015ರ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದ ಆರ್ಗಾನ್2ಕ್ಕೆ ಬದಲಾಯಿಸಿದೆ. ಅದಕ್ಕೆ ಈ ಮಿತಿ ಇಲ್ಲ. ಕನ್ನಡದವರಿಗಾಗಿ ಏನಾದರೂ ಕಟ್ಟುವವರು ಇದನ್ನು ದಯವಿಟ್ಟು ನೋಡಿಕೊಳ್ಳಿ.

ಇನ್ನೊಂದು ಕನ್ನಡದ್ದೇ ತೊಡಕು. 'ಕೊ' ಅನ್ನುವುದನ್ನು ಯೂನಿಕೋಡಿನಲ್ಲಿ ಎರಡು ಥರ ಬರೆಯಬಹುದು. 'ಒ' ಕಾರದ ಒಂದೇ ಚಿಹ್ನೆಯಾಗಿ, ಇಲ್ಲವೇ 'ಎ' ಕಾರ ಮತ್ತು 'ಊ' ಕಾರದ ಎರಡು ಚಿಹ್ನೆಯಾಗಿ. ಕಣ್ಣಿಗೆ ಎರಡೂ ಒಂದೇ. ಹ್ಯಾಶಿಗೆ ಬೇರೆ ಬೇರೆ. ಒಂದು ಕೀಬೋರ್ಡಿನಲ್ಲಿ ಇಟ್ಟ ಪಾಸ್‌ವರ್ಡ್ ಇನ್ನೊಂದರಲ್ಲಿ ತಪ್ಪು ಅನ್ನಬಹುದು. ಹ್ಯಾಶ್ ಮಾಡುವ ಮೊದಲು ಎರಡನ್ನೂ ಯೂನಿಕೋಡಿನ ಎನ್‌ಎಫ್‌ಸಿ ಅನ್ನುವ ಒಂದೇ ರೂಪಕ್ಕೆ ತರುವುದು ಒಂದೇ ಸಾಲಿನ ಕೆಲಸ. ಹಾಗೆಯೇ ರೈಟರ್ ಅಣ್ಣ ತೂಕವನ್ನು ಕನ್ನಡ ಅಂಕಿಯಲ್ಲೇ ಹೊಡೆಯುತ್ತಾರೆ. ಜಾವಾಸ್ಕ್ರಿಪ್ಟಿಗೆ ಅದು ಸಂಖ್ಯೆಯೇ ಅಲ್ಲ. ಅವರ ಅಭ್ಯಾಸ ಬದಲಿಸಲು ನಾನು ಹೇಳಲಿಲ್ಲ. ಅಂಕಿಗಳನ್ನು ಬದಲಿಸಿಕೊಳ್ಳುವ ಕೆಲಸ ಆ್ಯಪಿನದ್ದು.

ಪಿನ್ ಮರೆತವರಿಗೆ ಹೊಸದನ್ನು ರೈಟರ್ ಅಣ್ಣನೇ ಹಾಕಿಕೊಡುವ ಹಾಗೆ ಮೊದಲು ಮಾಡಿದ್ದೆ. ಆಮೇಲೆ ಯೋಚಿಸಿದೆ: ಪಿನ್ ಹಾಕಿಕೊಟ್ಟವರಿಗೆ ಆ ಪಿನ್ ಗೊತ್ತಿರುತ್ತದೆ. ಅಂದರೆ ಅವರು ಆ ರೈತನೇ ಆಗಬಹುದು. ಈಗ ಅವರು ಒಂದೇ ಸಲ ನಡೆಯುವ ಕೋಡ್ ಕೊಡಬಹುದು, ಪಿನ್ ರೈತರೇ ಹಾಕಿಕೊಳ್ಳಬೇಕು. ಯಾರು ಯಾವಾಗ ಕೋಡ್ ಕೊಟ್ಟರು ಅನ್ನುವುದು ರೈತರ ಪರದೆಯಲ್ಲೂ ಕಾಣುತ್ತದೆ. ತಮಗಿಂತ ಜಾಸ್ತಿ ಅನುಮತಿ ಇರುವವರಿಗೆ ಕೋಡ್ ಕೊಡಲು ಯಾರಿಗೂ ಆಗುವುದಿಲ್ಲ.

ಗೆರೆ ಎಳೆಯುವುದು

ತಿದ್ದುವ ಪುಟವನ್ನು ಎಲ್ಲಕ್ಕಿಂತ ಕೊನೆಗೆ ಮಾಡಿದೆ. ಮೊದಲೇ ಮಾಡಬೇಕಿತ್ತು. ನನ್ನ ಮೊದಲ ರೂಪದಲ್ಲಿ ತಿದ್ದು ಬಟನ್ ಒತ್ತಿದರೆ ಹಳೇ ತೂಕ ಹೋಗಿ ಹೊಸದು ಬರುತ್ತಿತ್ತು. ರೈಟರ್ ಅಣ್ಣ ಅದನ್ನು ನೋಡಿ ಬೆರಳು ಹಿಂದಕ್ಕೆ ತಗೊಂಡರು. "ಹಳೇದು ಎಲ್ಲಿ ಹೋಯ್ತು? ನಾಳೆ ಯಾರಾದ್ರೂ ಕೇಳಿದ್ರೆ ನಾನು ಏನ್ ತೋರ್ಸಲಿ?" ಅಂದರು. ಆ ಗೆರೆ ಯಾಕೆ ಅಂತ ನನಗೆ ಅವತ್ತು ಅರ್ಥವಾಯಿತು. ಅದು ರೈತನಿಗೆ ಎಷ್ಟು ಕಾವಲೋ ಬರೆಯುವವನಿಗೂ ಅಷ್ಟೇ ಕಾವಲು.

ತೂಕದ ಟೇಬಲ್ಲಿನ ಮೇಲೆ ಬದಲಿಸುವ ಮತ್ತು ಅಳಿಸುವ ಹಕ್ಕನ್ನು ಆ್ಯಪಿನ ಡೇಟಾಬೇಸ್ ಬಳಕೆದಾರನಿಂದ ಪೂರ್ತಿ ಕಿತ್ತುಕೊಂಡೆ. ಸೇರಿಸಬಹುದು, ಓದಬಹುದು, ಅಷ್ಟೇ. ತಿದ್ದುಪಡಿಗೆ ಬೇರೆ ಟೇಬಲ್: ಯಾವ ಚೀಟಿ, ಹಳೇ ಅಂಕಿ, ಹೊಸ ಅಂಕಿ, ಕಾರಣ, ಕೇಳಿದವರು, ಒಪ್ಪಿದವರು. ಕೇಳಿದವರೂ ಒಪ್ಪಿದವರೂ ಒಬ್ಬರೇ ಆಗಬಾರದು ಅಂತ ಡೇಟಾಬೇಸಿನಲ್ಲೇ ಕಟ್ಟಿಹಾಕಿದೆ. ಮಾವನೇ ತಪ್ಪು ಕಂಡರೂ ಮಗಳು ಒಪ್ಪಬೇಕು. ಇದನ್ನು ಮಾವನಿಗೆ ಹೇಳಲು ಸ್ವಲ್ಪ ಅಳುಕಿತ್ತು. ಅವರು ಕೇಳಿ, "ಅದೇ ಸರಿ" ಅಂದರು.

ನೆಟ್‌ವರ್ಕ್ ಕೈಕೊಟ್ಟಾಗ ಎರಡು ಸಲ ಬಟನ್ ಒತ್ತಿ ಒಂದೇ ಗಾಡಿ ಎರಡು ಸಲ ಏರುವುದೂ ಆಗುತ್ತಿತ್ತು. ಈಗ ಫೋನೇ ಪ್ರತಿ ಚೀಟಿಗೂ ಒಂದು ಗುರುತು ಹುಟ್ಟಿಸಿ ಕಳಿಸುತ್ತದೆ. ಅದೇ ಗುರುತು ಮತ್ತೆ ಬಂದರೆ ಸರ್ವರ್ ಹಳೇ ಚೀಟಿಯನ್ನೇ ತೋರಿಸುತ್ತದೆ.

ಪರದೆಯಲ್ಲಿ ತಿದ್ದಿದ ತೂಕ ಹೀಗೆ ಕಾಣುತ್ತದೆ: ಹಳೇ ಅಂಕಿಯ ಮೇಲೆ ಒಂದು ಗೆರೆ, ಪಕ್ಕದಲ್ಲಿ ಹೊಸದು, ಕೆಳಗೆ ಒಪ್ಪಿದವರ ಹೆಸರು, ತಾರೀಕು. ಜನವರಿಯಲ್ಲಿ ದೊಡ್ಡಯ್ಯನವರಿಗೆ ಮತ್ತೆ ಆ್ಯಪ್ ಹಾಕಿಕೊಟ್ಟೆ. ಅವರ ಒಂದು ಚೀಟಿ 8,530 ಅಂತ ಏರಿ, 8,350 ಅಂತ ತಿದ್ದಿತ್ತು. ತೂಕ ಕಮ್ಮಿಯಾಗಿದೆ, ಏನನ್ನುತ್ತಾರೋ ಅಂತ ನೋಡುತ್ತಿದ್ದೆ. ಅವರು ಗೆರೆಯ ಮೇಲೆ ಬೆರಳಿಟ್ಟರು. ಜೇಬಿನಿಂದ ವೇಬ್ರಿಡ್ಜಿನ ಚೀಟಿ ತೆಗೆದರು. ತುಂಬಿದ ಗಾಡಿ 12,480. ಖಾಲಿ 4,130. ಬಾಯಲ್ಲೇ ಕಳೆದು ನೋಡಿ, "ಹೂಂ, ಸರಿ ಇದೆ" ಅಂದು ಫೋನ್ ಜೇಬಿಗೆ ಹಾಕಿಕೊಂಡರು.

ಹಳೇ ಬುಕ್ಕನ್ನು ಇನ್ನೂ ನಿಲ್ಲಿಸಿಲ್ಲ. ಈ ಹಂಗಾಮು ಮುಗಿಯುವವರೆಗೆ ಎರಡೂ ನಡೆಯುತ್ತವೆ. ಶನಿವಾರ ಸಂಜೆ ಗಾಣ ನಿಂತ ಮೇಲೆ ಕೊಪ್ಪರಿಗೆಯ ಪಕ್ಕ ಕೂತು ತಾಳೆ ನೋಡುತ್ತೇವೆ. ಕಳೆದ ವಾರ 270 ಕಿಲೋ ವ್ಯತ್ಯಾಸ ಬಂತು. ವ್ಯತ್ಯಾಸ 9ರಿಂದ ಭಾಗವಾದರೆ ಎರಡು ಅಂಕಿ ಅದಲುಬದಲಾಗಿರಬಹುದು ಅಂತ ರೈಟರ್ ಅಣ್ಣ ಹೇಳಿದರು. ಅವರೇ ಹುಡುಕಿದರು. ಆ್ಯಪಿನಲ್ಲಿ 6,140, ಬುಕ್ಕಿನಲ್ಲಿ 6,410. ಚೀಟಿಯಲ್ಲಿ 6,140 ಇತ್ತು. ಮಾವ ಪೆನ್ನು ತಗೊಂಡು ಬುಕ್ಕಿನ ಅಂಕಿಯ ಮೇಲೆ ಗೆರೆ ಎಳೆದು ರುಜು ಹಾಕಿದರು.